ಗೌಳಿ ದಡ್ಡಿಗೆ ಎಪ್ಪತ್ತೈದು ವರ್ಷಗಳ ಸಾಕ್ಷ್ಯ

ಕಾರನ್ನು ದೂರವಿಟ್ಟು ಕುದುರೆಗಾಡಿಯಲ್ಲಿ ಸಂಚರಿಸುವ ಅಮೆರಿಕದ ಆಮಿಶ್ ಜನರ ಬಗ್ಗೆ ನಾವು ಕುತೂಹಲದಿಂದ ಓದುತ್ತೇವೆ. ಎಂಟನೆಯ ತರಗತಿಯ ಬಳಿಕ ಮಕ್ಕಳನ್ನು ಶಾಲೆಗೆ ಕಳುಹಿಸುವಂತೆ ಅವರನ್ನು ಬಲವಂತಪಡಿಸಲಾಗದೆಂದು ಅಲ್ಲಿನ ಸುಪ್ರೀಂ ಕೋರ್ಟ್ 1972ರಲ್ಲಿ ತೀರ್ಪಿತ್ತಿತು. ನಮ್ಮದೇ ಕಲಘಟಗಿಯ ಕಾಡಂಚಿನ ಗೌಳಿ ದಡ್ಡಿಗಳು ಮಾತ್ರ ನಮ್ಮ ಕಣ್ಣಿಗೆ ಬೀಳುವುದಿಲ್ಲ.

ಮಹಾರಾಷ್ಟ್ರದ ಕಡೆಯಿಂದ ಮೇವು ಅರಸಿ ಬಂದ ಧನಗರ ಗೌಳಿಗಳು ಎಮ್ಮೆಗಳನ್ನು ನಂಬಿ, ಮರಾಠಿಯ ಒಂದು ಬಗೆಯನ್ನು ಮನೆಮಾತಾಗಿ ಉಳಿಸಿಕೊಂಡು ಬದುಕಿದವರು. ಆಮಿಶರ ಪ್ರತ್ಯೇಕತೆಗೆ ಧರ್ಮಶ್ರದ್ಧೆಯ ಜೊತೆ ಸ್ವಂತ ಜಮೀನಿನ ಬಲವೂ ಇದೆ. ಗೌಳಿಗಳಿಗಿದ್ದುದು ಪರರ ಒಡೆತನದ ಹುಲ್ಲುಗಾವಲಷ್ಟೆ.

ಪರಿಶಿಷ್ಟ ಪಂಗಡಕ್ಕೆ ಸೇರಿಸಬೇಕೆಂಬ ಅವರ ಬೇಡಿಕೆ ಹಳೆಯದು. ಆ ಪಟ್ಟಿಯಲ್ಲಿಲ್ಲದವರು 2006ರ ಅರಣ್ಯ ಹಕ್ಕು ಕಾಯ್ದೆಯಡಿ 2005ರ ಡಿಸೆಂಬರ್ 13ಕ್ಕೆ ಮುಂಚಿನ ಮೂರು ತಲೆಮಾರು, ಅಂದರೆ 75 ವರ್ಷಗಳ ನೆಲೆಯನ್ನು ಸಾಬೀತುಪಡಿಸಬೇಕು. ಮಂದೆಯ ಹಿಂದೆ ಅಲೆದವರಲ್ಲಿ ಕಾಗದವೆಲ್ಲಿಂದ ಬರಬೇಕು?

ಕಾಯ್ದೆಯ ನಿಯಮಗಳೇ ಹಿರಿಯರ ಲಿಖಿತ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ತಾಣಗಳನ್ನು ಸಾಕ್ಷ್ಯವೆಂದು ಒಪ್ಪುತ್ತವೆ. ಹಿರಿಯರು ಇರುವಾಗಲೇ ಆ ಹೇಳಿಕೆಗಳನ್ನು ಬರೆಸಿಕೊಳ್ಳುವುದು ಗ್ರಾಮಸಭೆಗಳ ಹೊಣೆ. ಇದು ದಯೆಯ ಮಾತಲ್ಲ, ಕಾನೂನಿನ ಮಾತು ಎಂದೇ ನಾನು ಭಾವಿಸುತ್ತೇನೆ.