ಕುಣಿಂದರ ಬೆಳ್ಳಿ ನಾಣ್ಯ

ಇತಿಹಾಸವೆಂದರೆ ಸಾಮ್ರಾಜ್ಯಗಳ ಇತಿಹಾಸವೆಂಬ ಭಾವನೆ ಶಾಲಾಪಾಠಗಳಲ್ಲಿ ಬಹುಕಾಲದಿಂದ ಬೇರೂರಿದೆ. ಮೌರ್ಯರಿಗೂ ಕುಷಾಣರಿಗೂ ನಡುವಣ ಕಾಲದಲ್ಲಿ ಬಾಳಿದ ಸಣ್ಣ ರಾಜ್ಯಗಳಿಗೆ ಅಲ್ಲಿ ಒಂದು ವಾಕ್ಯ ದೊರೆಯುವುದೂ ದುರ್ಲಭ. ಆದರೆ ಅಲ್ಪಬಲದ ರಾಜ್ಯವೊಂದು ಪ್ರಬಲರ ನೆರೆಯಲ್ಲಿದ್ದೂ ತನ್ನತನವನ್ನು ಹೇಗೆ ಕಾಯ್ದುಕೊಂಡಿತೆಂಬುದನ್ನು ಅರಿಯಬೇಕಾದರೆ ಕುಣಿಂದರ ನಾಣ್ಯವನ್ನು ನೋಡಬೇಕು.

ಕುಣಿಂದರ ನೆಲೆ ಬಿಯಾಸ್ ಮತ್ತು ಯಮುನಾ ನದಿಗಳ ನಡುವಣ ಹಿಮಾಲಯದ ತಪ್ಪಲು. ಮಹಾಭಾರತದಲ್ಲಿ ಬರುವ ಕುಲಿಂದರು ಇವರೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಕ್ರಿಸ್ತಪೂರ್ವ 2-1ನೆಯ ಶತಮಾನಗಳ ಅವಧಿಯಲ್ಲಿ ಇವರ ಪಶ್ಚಿಮಕ್ಕೆ, ಪಂಜಾಬಿನಲ್ಲಿ, ಯವನ ಅರಸರ ಪ್ರಾಬಲ್ಯವಿದ್ದಿತು. ಕುಣಿಂದರ ದೊರೆ ಅಮೋಘಭೂತಿ ಹೊರಡಿಸಿದ ಬೆಳ್ಳಿ ನಾಣ್ಯದ ತೂಕ ಸುಮಾರು 2.2 ಗ್ರಾಂ, ಇದು ಯವನರ ಅರ್ಧ ದ್ರಮ್ಮದ ಅಳತೆಗೆ ಹೊಂದುವಂಥದು. ನೆರೆನಾಡಿನ ವರ್ತಕನೂ ಸಂದೇಹವಿಲ್ಲದೆ ಸ್ವೀಕರಿಸಬಹುದಾದ ನಾಣ್ಯವದು.

ಇದನ್ನು ಬರಿಯ ಅನುಕರಣೆಯೆಂದು ಕಡೆಗಣಿಸುವವರುಂಟು. ಅಂಥವರು ನಾಣ್ಯದ ಮುಖವನ್ನು ನೋಡಬೇಕು. ಯವನ ಅರಸರು ತಮ್ಮ ಮುಖವನ್ನೇ ನಾಣ್ಯದಲ್ಲಿ ಮೂಡಿಸಿದರು. ಅಮೋಘಭೂತಿ ಹಾಗೆ ಮಾಡಲಿಲ್ಲ. ಅವನ ನಾಣ್ಯದ ಒಂದು ಬದಿಯಲ್ಲಿ ಜಿಂಕೆ, ಅದರ ಬಳಿ ಕಮಲ ಹಿಡಿದ ಲಕ್ಷ್ಮಿ. ಮತ್ತೊಂದು ಬದಿಯಲ್ಲಿ ಆರು ಕಮಾನುಗಳ ಬೆಟ್ಟ, ಕಟಕಟೆಯೊಳಗಿನ ವೃಕ್ಷ, ಸ್ವಸ್ತಿಕ, ನಂದಿಪದ. ಕುಣಿಂದರ ರಾಜನಾದ ಅಮೋಘಭೂತಿ ಮಹಾರಾಜನ ನಾಣ್ಯವೆಂಬ ಅರ್ಥದ ಪ್ರಾಕೃತ ಲೇಖ ಒಂದೆಡೆ ಬ್ರಾಹ್ಮಿಯಲ್ಲಿಯೂ ಇನ್ನೊಂದೆಡೆ ವಾಯವ್ಯ ಪ್ರಾಂತದ ಖರೋಷ್ಠಿಯಲ್ಲಿಯೂ ಇದೆ. ತೂಕ ಎರವಲಿನದು, ಚಿಹ್ನೆ ಸ್ವಂತದ್ದು. ಲೋಕವ್ಯವಹಾರಕ್ಕೆ ಬೇಕಾದುದನ್ನು ಅನ್ಯರಿಂದ ಪಡೆದೂ ತನ್ನ ನೆಲ, ನಂಬಿಕೆ, ನುಡಿಗಳನ್ನು ಬಿಟ್ಟುಕೊಡದ ಈ ವಿವೇಕ ಅನುಕರಣೆಯಲ್ಲ, ಆತ್ಮಗೌರವ.

ಅಮೋಘಭೂತಿಯ ಹೆಸರು ಇಂದಿಗೂ ಉಳಿದಿರುವುದು ಈ ನಾಣ್ಯಗಳಿಂದಲೇ. ಇವೆಲ್ಲವೂ ಅಕ್ಕಸಾಲೆಯ ಮೂಸೆಯಲ್ಲಿ ಕರಗಿಹೋಗಿದ್ದರೆ ಆ ಅರಸನೂ ಅವುಗಳೊಡನೆ ಕರಗಿಹೋಗುತ್ತಿದ್ದನು. ನೂರು ವರ್ಷ ಮೀರಿದ ನಾಣ್ಯವನ್ನು 1972ರ ಕಾಯಿದೆ ಪ್ರಾಚ್ಯವಸ್ತುವೆಂದು ಪರಿಗಣಿಸುತ್ತದೆ; ನೆಲದಲ್ಲಿ ದೊರೆತ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕೆಂಬ ಶಾಸನವೂ ಇದೆ. ಆದರೆ ಉಳುವಾಗ ಸಿಕ್ಕಿದ ಬೆಳ್ಳಿಯ ಬಿಲ್ಲೆಯ ಬೆಲೆ ಅದರ ತೂಕದಲ್ಲಿಲ್ಲವೆಂಬ ಅರಿವು ಮನೆಯಲ್ಲಿ ಮೂಡದೆ ಕಾಯಿದೆಯೊಂದರಿಂದಲೇ ಅದು ಉಳಿಯಲಾರದು. ಆ ಅರಿವನ್ನು ಮನೆಗೆ ಕೊಂಡೊಯ್ಯಬಲ್ಲವರು ಶಾಲೆಯ ಮಕ್ಕಳು. ಅಧ್ಯಾಪಕರು ವರ್ಷಕ್ಕೊಂದು ಪಾಠವನ್ನಾದರೂ ಇದಕ್ಕೆ ಮೀಸಲಿಡಲಿ. ದಾನಿಗಳು ಪ್ರಾಚೀನ ನಾಣ್ಯಗಳ ಚಿತ್ರಪಟಗಳನ್ನು ಶಾಲೆಗೆ ಒದಗಿಸಲಿ. ಸಣ್ಣ ರಾಜ್ಯದ ಸಣ್ಣ ನಾಣ್ಯ ಕಲಿಸುವ ಪಾಠ ಸಣ್ಣದಲ್ಲ.