ಕೊಳೆ ಬೇರೆ, ಮೈಲಿಗೆ ಬೇರೆ

ಟೋಕಿಯೊದಲ್ಲಿ ಸಾರ್ವಜನಿಕ ಸ್ನಾನದಮನೆಗೆ ಹೋಗಿದ್ದೆ ಅಂತ ಬರೆದಿದ್ದಕ್ಕೆ ನಾಲ್ಕೈದು ಗೆಳೆಯರು ಫೋಟೊ ಎಲ್ಲಿ ಅಂತ ಕೇಳಿದ್ದಾರೆ. ಫೋಟೊ ಇಲ್ಲ ಬಂಧುಗಳೇ. ಒಳಗೆ ಮೊಬೈಲ್ ತೆಗೆಯಂಗಿಲ್ಲ, ಮೈಮೇಲೆ ಬಟ್ಟೇನೂ ಇರಂಗಿಲ್ಲ! ಇನ್ನೊಬ್ಬರು, "ನೋಡಿ ಸರ್, ಜಪಾನಲ್ಲಿ ಜಾತಿ ಇಲ್ಲ, ಎಲ್ರೂ ಒಂದೇ ತೊಟ್ಟೀಲಿ ಸ್ನಾನ ಮಾಡ್ತಾರೆ" ಅಂತ ಕಾಮೆಂಟ್ ಹಾಕಿದ್ದಾರೆ. ಈ ಪೋಸ್ಟು ಅವರಿಗೆ.

ಅಲ್ಲಿ ಅದನ್ನ ಸೆಂತೊ ಅಂತಾರೆ. 550 ಯೆನ್, ನಮ್ಮ ದುಡ್ಡಲ್ಲಿ ಮುನ್ನೂರು ರೂಪಾಯಿ ಚಿಲ್ಲರೆ. ಮಾಲೀಕರು ಮನಸ್ಸಿಗೆ ಬಂದಂತೆ ಏರಿಸುವಂತಿಲ್ಲ, ಗರಿಷ್ಠ ದರವನ್ನ ಸ್ಥಳೀಯ ಸರ್ಕಾರ ನಿಗದಿ ಮಾಡುತ್ತೆ. ಮನೇಲಿ ಬಚ್ಚಲೇ ಇಲ್ಲದ ದುಡಿಯೋ ಜನರ ಕಾಲ, ಅಂದ್ರೆ 1960ರ ದಶಕದ ಕೊನೆಗೆ, ದೇಶದಲ್ಲಿ ಇಂಥವು ಸುಮಾರು 18,000 ಇದ್ದವು. ಈಗ 2,000ಕ್ಕೂ ಕಡಿಮೆ.

ಗೋಡೆ ಮೇಲೆ ಫ್ಯೂಜಿ ಬೆಟ್ಟದ ದೊಡ್ಡ ಚಿತ್ರ. ನಲ್ಲಿಗಳ ಸಾಲಿನ ಮುಂದೆ ಗಿಡ್ಡ ಸ್ಟೂಲು. ಮೊದಲು ಅಲ್ಲಿ ಕೂತು ಸೋಪು ಹಚ್ಚಿ, ನೊರೆ ಪೂರ್ತಿ ಹೋಗುವಂಗೆ ತೊಳ್ಕೊಬೇಕು. ಆಮೇಲೇ ಬಿಸಿನೀರಿನ ತೊಟ್ಟಿ. ಟವಲ್ಲು ಕೂಡ ನೀರಿಗೆ ತಾಗಬಾರದು, ಮಡಚಿ ತಲೆ ಮೇಲೆ ಇಟ್ಕೊತಾರೆ. ನೀರಿನ ಬಿಸಿಗೆ ಮೊದಲ ಎರಡು ನಿಮಿಷ ಮೈ ಸುಟ್ಟಂಗಾಯ್ತು. ಪಕ್ಕದಲ್ಲಿದ್ದ ಮುದುಕಪ್ಪ ನಕ್ಕು "ಇಂದೊ?" ಅಂದ. ಇಂಡಿಯಾನಾ ಅಂತ. ಹೌದು ಅಂತ ತಲೆಯಾಡಿಸಿದೆ. ಅಷ್ಟೇ. ಇಂಡಿಯಾದಲ್ಲಿ ಯಾವೂರು, ಊರಲ್ಲಿ ಯಾವ ಕೇರಿ, ನಿಮ್ ಪೈಕಿ ಯಾರು, ಯಾವುದೂ ಇಲ್ಲ. ಇಪ್ಪತ್ತು ವರ್ಷ ಆಫೀಸಲ್ಲಿ ಈ ಪ್ರಶ್ನೆಗಳನ್ನ ಟೀ ಜೊತೆ ನುಂಗಿದವನಿಗೆ ಅದು ಎಂಥ ನೆಮ್ಮದಿ ಅಂತ ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿ ನೀರು ಕೆಡೋದು ಕೊಳೆಯಿಂದ. ಕೊಳೆಗೆ ಸೋಪು ಸಾಕು. ನಮ್ಮಲ್ಲಿ ಕೆಡೋದು ಮೈಲಿಗೆಯಿಂದ, ಅದು ಹುಟ್ಟಿನ ಜೊತೆ ಬರುತ್ತೆ, ಯಾವ ಸೋಪಿಗೂ ಹೋಗಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡದ ಚವದಾರ್ ಕೆರೆಯ ನೀರು ಕುಡಿದ ಮೇಲೆ ಸವರ್ಣೀಯರು ಆ ಕೆರೆಗೆ 108 ಕೊಡ ಪಂಚಗವ್ಯ ಸುರಿದು 'ಶುದ್ಧ' ಮಾಡಿದ್ರು. ಮನುಷ್ಯ ಮುಟ್ಟಿದ ನೀರನ್ನ ಸಗಣಿ, ಗಂಜಲ ಹಾಕಿ ಚೊಕ್ಕ ಮಾಡಿದ ಸಮಾಜ ಇದು.

ಹಂಗಂತ ಜಪಾನಲ್ಲಿ ಜಾತಿ ಇಲ್ಲ ಅನ್ನಬೇಡಿ. ಬುರಾಕು ಜನ ಇದ್ದಾರೆ. ಚರ್ಮದ ಕೆಲಸ, ಸತ್ತ ದನ ಸಾಗಿಸೋದು, ಮರಣದಂಡನೆ ಜಾರಿ ಮಾಡೋದು ಅವರ ಪಾಲಿಗೆ ಬಂದಿತ್ತು. ಅವರನ್ನ ಕರೀತಿದ್ದ ಹಳೆಯ ಪದದ ಅಕ್ಷರಗಳ ಅರ್ಥವೇ 'ತುಂಬಾ ಹೊಲಸು' ಅಂತ. ಈ ಪದ ನಮಗೆ ಯಾರೂ ಅನುವಾದ ಮಾಡಿ ಹೇಳಬೇಕಿಲ್ಲ. 1871ರಲ್ಲಿ ಸರ್ಕಾರ ಆ ಹೆಸರುಗಳನ್ನ ರದ್ದು ಮಾಡ್ತು. ಆದ್ರೂ ಎಷ್ಟೋ ಊರಲ್ಲಿ ಸ್ನಾನದಮನೆ ಬಾಗಿಲು ಅವರಿಗೆ ತೆರೀಲಿಲ್ಲ. 1922ರ ಮಾರ್ಚ್ 3ರಂದು ಕ್ಯೋಟೊದಲ್ಲಿ ಅವರು ಕಟ್ಟಿದ ಸಂಘಟನೆ ಸುಯಿಹೇಶಾ. 'ಸುಯಿ' ಅಂದ್ರೆ ನೀರು. ನಿಂತ ನೀರಿನಂಗೆ ಎಲ್ಲರೂ ಒಂದೇ ಮಟ್ಟ ಅನ್ನೋ ಅರ್ಥ. ಮಹಾಡಕ್ಕಿಂತ ಐದು ವರ್ಷ ಮುಂಚೆ!

ಬುರಾಕು ಜನರನ್ನ ಮುಖ, ಮೈಬಣ್ಣ ನೋಡಿ ಗುರುತಿಸೋಕೆ ಆಗಲ್ಲ. ಬೆತ್ತಲೆ ಕೂತಾಗ ಅಂತೂ ಇಲ್ಲವೇ ಇಲ್ಲ. ಹಿಡಿಯೋದು ವಿಳಾಸದಿಂದ, ಮನೆತನದ ದಾಖಲೆಯಿಂದ. 1975ರಲ್ಲಿ ಒಂದು ಗುಟ್ಟಿನ ಪಟ್ಟಿ ಬಯಲಾಯ್ತು. ಬುರಾಕು ಕೇರಿಗಳ ಹೆಸರಿದ್ದ ಪುಸ್ತಕ. ಇನ್ನೂರಕ್ಕೂ ಹೆಚ್ಚು ಕಂಪನಿಗಳು ದುಡ್ಡು ಕೊಟ್ಟು ಕೊಂಡಿದ್ದವು, ಕೆಲಸಕ್ಕೆ ಬಂದವರ ಊರು ಹುಡುಕೋಕೆ. ತೊಟ್ಟಿಯಲ್ಲಿ ಕೇಳದ ಪ್ರಶ್ನೆಯನ್ನ ಫೈಲಲ್ಲಿ ಕೇಳ್ತಾರೆ. ಗುಮಾಸ್ತನಾಗಿ ಹೇಳ್ತೀನಿ, ಫೈಲು ಬಾಯಿಗಿಂತ ಕೆಟ್ಟದ್ದು.

ಇನ್ನೊಂದು ಕೇಸು. ಒತಾರು ಊರಿನ ಒಂದು ಸ್ನಾನಗೃಹ 'ಜಪಾನೀಯರಿಗೆ ಮಾತ್ರ' ಅಂತ ಬೋರ್ಡು ಹಾಕಿತ್ತು. ಅಮೆರಿಕದಲ್ಲಿ ಹುಟ್ಟಿದ ಅರುದೊ ದೆಬಿತೊ 2000ದಲ್ಲಿ ಜಪಾನಿನ ಪೌರತ್ವ ಪಡೆದು ಮತ್ತೆ ಹೋದ್ರೂ ಒಳಗೆ ಬಿಡಲಿಲ್ಲ. ಕಾಗದ ಇತ್ತು, ಮುಖ ಸರಿಯಿರಲಿಲ್ಲ. 2002ರಲ್ಲಿ ಸಪ್ಪೊರೊ ಕೋರ್ಟು ಇದು ಜನಾಂಗ ತಾರತಮ್ಯ ಅಂತ ಹೇಳಿ, ಮೂವರು ದೂರುದಾರರಿಗೆ ತಲಾ ಹತ್ತು ಲಕ್ಷ ಯೆನ್ ಪರಿಹಾರ ಕೊಡಿಸಿತು. ಊರಾಡಳಿತದ ಮೇಲೆ ಮಾತ್ರ ಹೊಣೆ ಹೊರಿಸಲಿಲ್ಲ. 2016ರಲ್ಲಿ ಬುರಾಕು ತಾರತಮ್ಯದ ವಿರುದ್ಧ ಕಾಯ್ದೆ ಬಂತು, ಅದರಲ್ಲಿ ಶಿಕ್ಷೆಯೇ ಇಲ್ಲ.

ನಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿ ಕಾಗದ ಇದೆ. ಸಂವಿಧಾನದ 15(2)ನೇ ವಿಧಿ ತೆಗೆದು ಓದಿ. ಬಾವಿ, ಕೆರೆ, ಸ್ನಾನಘಟ್ಟ ಅಂತ ಹೆಸರಿಡಿದು ಬರೆದಿದೆ. ಅಸ್ಪೃಶ್ಯತೆ ಆಚರಿಸಿದ್ರೆ ಜೈಲಿದೆ. ಆದ್ರೂ ನಮ್ಮ ತಾಲ್ಲೂಕಲ್ಲಿ ಕಲ್ಯಾಣಿ ಮೆಟ್ಟಿಲು ಇಳಿಯೋಕೆ ನಮ್ಮ ಹುಡುಗರು ಎರಡು ಸಲ ಯೋಚನೆ ಮಾಡೋ ಊರುಗಳು ಎಷ್ಟಿವೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು.

ಮುಂದಿನ ಭಾನುವಾರದ ಸಂಘದ ಸಭೆಗೆ ಬರುವಾಗ ನಿಮ್ಮೂರಿನ ಕೆರೆ, ಕಲ್ಯಾಣಿ, ಕ್ಷೌರದಂಗಡಿ, ಮೂರರ ಮಾಹಿತಿ ಬರ್ಕೊಂಡು ಬನ್ನಿ. ಯಾರಿಗೆ ಪ್ರವೇಶ ಇದೆ, ಯಾರಿಗಿಲ್ಲ, ತಡೆದೋರು ಯಾರು, ಯಾವ ದಿನ. ಅರ್ಜಿ ಬರೆಯೋ ಕೆಲಸ ನನಗೆ ಬಿಡಿ.

ಜೈಭೀಮ್.