ಅಳತೆ ತಪ್ಪದ ಕಿರುಗಾಡಿಯೂ ಅಧ್ಯಯನವೇ

ಐಚ್ಛಿಕ ಕನ್ನಡದ ಅಂತಿಮ ವರ್ಷದ ವಿದ್ಯಾರ್ಥಿಗಳು ಸಲ್ಲಿಸಬೇಕಾದ ಕಿರುಯೋಜನೆಗಳ ವಿಷಯಪಟ್ಟಿ ಈ ಬಾರಿ ವಿಭಾಗದ ಸಭೆಯಲ್ಲಿ ಎಂದಿಗಿಂತ ಹೆಚ್ಚು ಚರ್ಚೆಗೆ ಒಳಗಾಯಿತು. ಅದಕ್ಕೆ ಕಾರಣವಾದದ್ದು ಒಂದು ಅರ್ಜಿ. ನೀಲಗಿರಿಯ ಕೂನೂರಿಗೆ ಸಮೀಪದ ಹುಬ್ಬತಲೈಯಿಂದ ಬಂದಿರುವ, ಮನೆಯಲ್ಲಿ ಬಡಗ ನುಡಿಯಾಡುವ ವಿದ್ಯಾರ್ಥಿಯೊಬ್ಬ, ತನ್ನ ಹಟ್ಟಿಯಲ್ಲಿ ಬಹುಕಾಲ ಓಡಾಡಿದ ಹಳೆಯ ಮಹೀಂದ್ರ ಜೀಪಿನ ಪ್ರತಿಕೃತಿಯನ್ನು 1:24ರ ಪ್ರಮಾಣದಲ್ಲಿ ನಿರ್ಮಿಸಿ, ಅದರ ಭಾಗಗಳ ಪದಕೋಶದೊಡನೆ ಯೋಜನೆಯಾಗಿ ಸಲ್ಲಿಸಲು ಅನುಮತಿ ಕೋರಿದ್ದಾನೆ. ಕಾರುಗಳ ಪ್ರತಿಕೃತಿ ಮಾಡುವುದು ಅವನಿಗೆ ಚಿಕ್ಕಂದಿನ ಹವ್ಯಾಸ. ಹವ್ಯಾಸಕ್ಕೆ ಅಂಕ ಕೊಡುವುದು ಸಲ್ಲದೆಂದು ಕೆಲವು ಸಹೋದ್ಯೋಗಿಗಳು ವಾದಿಸಿದರು. ಅರ್ಜಿ ಇನ್ನೂ ನಿರ್ಣಯವಾಗಿಲ್ಲ. ಅದನ್ನು ಒಪ್ಪಬೇಕು, ಆದರೆ ಕೆಲವು ನಿಬಂಧನೆಗಳೊಡನೆ ಒಪ್ಪಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣಗಳನ್ನು ವಿದ್ಯಾರ್ಥಿಗಳ ಮುಂದೆಯೇ ಇಡುವುದು ಉಚಿತವೆಂದು ಭಾವಿಸಿದ್ದೇನೆ.

ಮೊದಲು ಆಟಿಕೆಗೂ ಪ್ರತಿಕೃತಿಗೂ ಇರುವ ಭೇದವನ್ನು ಗಮನಿಸೋಣ. ಲಂಡನ್ನಿನ ಲೆಸ್ನಿ ಕಂಪನಿ 1953ರಲ್ಲಿ ಮಾರಾಟಕ್ಕೆ ತಂದ ‘ಮ್ಯಾಚ್‌ಬಾಕ್ಸ್’ ಕಾರುಗಳು ಲೋಕಪ್ರಸಿದ್ಧ. ಬೆಂಕಿಪೊಟ್ಟಣದಂತಹ ಪೆಟ್ಟಿಗೆಯೊಳಗೆ ಹಿಡಿಯಬೇಕೆಂಬುದೇ ಅವುಗಳ ಅಳತೆಯನ್ನು ನಿರ್ಧರಿಸಿದ ನಿಯಮ. ಹೀಗಾಗಿ ಅಲ್ಲಿ ಬಸ್ಸೂ ಕಾರೂ ಹೆಚ್ಚುಕಡಿಮೆ ಒಂದೇ ಉದ್ದದವು. ನಾನು ಓದಿ ಬೆಳೆದ ಗಡಿಸೀಮೆಯಲ್ಲಿ ದೀಪಾವಳಿಗೆ ಮಕ್ಕಳು ಮಣ್ಣಿನ ಕೋಟೆ ಕಟ್ಟುತ್ತಾರೆ. ಅಲ್ಲಿಯೂ ಕೋಟೆಯ ಮಹಾದ್ವಾರಕ್ಕಿಂತ ಮಾವಳೆ ಸೈನಿಕನೇ ಎತ್ತರ. ಸೈನಿಕನಿಗಿಂತ ಸಿಂಹಾಸನದ ಮೇಲಿನ ಶಿವಾಜಿ ಮಹಾರಾಜರು ಎತ್ತರ. ಅದನ್ನು ದೋಷವೆನ್ನಲಾಗದು. ಆಟದ ಲೋಕದಲ್ಲಿ ಮನಸ್ಸಿಗೆ ಹಿರಿದಾದುದು ಗಾತ್ರದಲ್ಲಿಯೂ ಹಿರಿದಾಗುತ್ತದೆ. ಪ್ರತಿಕೃತಿಗೆ ಆ ಸ್ವಾತಂತ್ರ್ಯವಿಲ್ಲ. ಅದು ಮೂಲವಸ್ತುವಿಗೆ ಬದ್ಧವಾದುದು. ಅದರ ಒಂದೊಂದು ಗೆರೆಗೂ ‘ಇದು ಹೀಗೇಕೆ’ ಎಂಬ ಪ್ರಶ್ನೆಗೆ ಉತ್ತರ ಕೊಡುವ ಹೊಣೆಯಿದೆ.

ಈ ಬದ್ಧತೆಯನ್ನು ನಾವು ‘ಪ್ರಮಾಣ’ ಎನ್ನುತ್ತೇವೆ. 1:24 ಎಂದರೆ ಒಂದು ಅಡಿಗೆ ಅರ್ಧ ಅಂಗುಲ. ಇದು ಬರಿಯ ಭಾಗಾಕಾರದ ಲೆಕ್ಕವೆಂದು ತೋರಬಹುದು. ಆದರೆ ಎಲ್ಲವನ್ನೂ 24ರಿಂದ ಭಾಗಿಸಿದ ಮಾತ್ರಕ್ಕೆ ಪ್ರತಿಕೃತಿ ಸಿದ್ಧವಾಗುವುದಿಲ್ಲ. ಜೀಪಿನ ಮೈಯ ತಗಡು 1 ಮಿ.ಮೀ. ದಪ್ಪವೆಂದಿಟ್ಟುಕೊಂಡರೆ ಕಿರುರೂಪದಲ್ಲಿ ಅದು ಸುಮಾರು 0.04 ಮಿ.ಮೀ. ಆಗಬೇಕು. ಅಷ್ಟು ತೆಳುವಾದ ವಸ್ತು ತನ್ನ ಆಕಾರವನ್ನು ತಾನೇ ಹಿಡಿದು ನಿಲ್ಲಲಾರದು. 0.3 ಮಿ.ಮೀ. ರಟ್ಟು ಬಳಸಿದರೆ ಆ ಲೆಕ್ಕದಲ್ಲಿ ನಿಜವಾದ ಜೀಪಿನ ತಗಡು 7 ಮಿ.ಮೀ. ದಪ್ಪವಿದ್ದಂತಾಯಿತು. ಆದ್ದರಿಂದ ಬಲ್ಲವರು ಕಣ್ಣಿಗೆ ಕಾಣುವ ಅಂಚನ್ನು ಮಾತ್ರ ಉಜ್ಜಿ ತೆಳುವಾಗಿಸುತ್ತಾರೆ. ತೂಕದ ಲೆಕ್ಕ ಇನ್ನೂ ವಿಚಿತ್ರ. ಉದ್ದ, ಅಗಲ, ಎತ್ತರ ಮೂರೂ 24ರಲ್ಲಿ ಒಂದಾದಾಗ ಗಾತ್ರವು 13,824ರಲ್ಲಿ ಒಂದಾಗುತ್ತದೆ. ಒಂದು ಟನ್ನಿನ ಗಾಡಿ ಸುಮಾರು 72 ಗ್ರಾಮಿಗೆ ಇಳಿಯುತ್ತದೆ. ಬಣ್ಣಕ್ಕೂ ಇಂಥದೇ ಸಮಸ್ಯೆ. ಮೂಲದ ಬಣ್ಣವನ್ನೇ ಬಳಿದರೆ ಚಿಕ್ಕ ವಸ್ತುವಿನ ಮೇಲೆ ಅದು ಗಾಢವಾಗಿ ಕಾಣುವುದರಿಂದ ಅನೇಕರು ತುಸು ತಿಳಿಗೊಳಿಸುತ್ತಾರೆ. ಕಣ್ಣಿಗೆ ನಿಜವೆನಿಸಬೇಕಾದರೆ ಎಲ್ಲಿ ಅಂಕಿಯನ್ನು ಅನುಸರಿಸಬೇಕು, ಎಲ್ಲಿ ಅಂಕಿಯಿಂದ ಸರಿಯಬೇಕು ಎಂಬ ವಿವೇಚನೆ ಈ ಕೆಲಸದ ತಿರುಳು. ಸಾರಾಂಶ ಬರೆಯಲು, ಅನುವಾದ ಮಾಡಲು ಕುಳಿತ ವಿದ್ಯಾರ್ಥಿಗೆ ಇದು ಅಪರಿಚಿತವಾದ ಸಂಕಟವಲ್ಲ.

ಇನ್ನು ಆ ಜೀಪಿನ ವಿಷಯಕ್ಕೆ ಬರೋಣ. ಜೀಪಿನ ಪ್ರತಿಕೃತಿ ಮಾಡುವುದಾದರೆ ಅಂಗಡಿಯಲ್ಲಿ ಸಿಗುವ ವಿದೇಶಿ ಕಿಟ್ ತಂದು ಜೋಡಿಸಬಾರದೇಕೆ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಆ ಪ್ರಶ್ನೆಯಲ್ಲಿಯೇ ಈ ಯೋಜನೆಯ ಅಗತ್ಯ ಅಡಗಿದೆ. ಅಂತಹ ಕಿಟ್ಟುಗಳಲ್ಲಿ ಹೆಚ್ಚಿನವು ಎರಡನೆಯ ಮಹಾಯುದ್ಧದ ವಿಲ್ಲಿಸ್ ಅಥವಾ ಫೋರ್ಡ್ ಜೀಪಿನವು. ನಮ್ಮ ನಾಡಿನ ರಸ್ತೆಗಳಲ್ಲಿ ದಶಕಗಳ ಕಾಲ ಓಡಿದ ಮಹೀಂದ್ರ ಜೀಪಿನ ವಂಶ ಬೇರೆ. ಅದು ಯುದ್ಧಾನಂತರದ ವಿಲ್ಲಿಸ್ ಸಿ.ಜೆ. 3ಬಿ ಮಾದರಿಯದು. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವಣ ಅಂತರ ಎರಡರಲ್ಲಿಯೂ 80 ಅಂಗುಲ, ಎಂದರೆ ಕಿರುರೂಪದಲ್ಲಿ 84.7 ಮಿ.ಮೀ. ಈ ಒಂದು ಅಳತೆಯನ್ನು ನೋಡಿದವರು ಎರಡೂ ಒಂದೇ ಎಂದಾರು. ಆದರೆ ಯುದ್ಧಕಾಲದ ಜೀಪಿನ ಒತ್ತುತಗಡಿನ ಮುಂಜಾಲರಿಯಲ್ಲಿ ಒಂಬತ್ತು ಸೀಳುಗಳಿದ್ದರೆ 3ಬಿಯಲ್ಲಿ ಏಳು. ಯುದ್ಧಕಾಲದ್ದರ ಬಾನೆಟ್ಟು ತಗ್ಗು. ಎತ್ತರವಾದ ಹೊಸ ಎಂಜಿನ್ನಿಗೆ ಎಡೆ ಮಾಡಿಕೊಡಲೆಂದು 3ಬಿಯ ಬಾನೆಟ್ಟನ್ನು ಏರಿಸಲಾಯಿತು. ಅದರದು ಎಡಬದಿಯ ಸ್ಟಿಯರಿಂಗ್, ನಮ್ಮದು ಬಲಬದಿಯದು. ಅಂಗಡಿಯ ಕಿಟ್ಟನ್ನು ಜೋಡಿಸಿ ‘ಇದು ನಮ್ಮ ಹಟ್ಟಿಯ ಜೀಪು’ ಎಂದರೆ ನೋಡುವವರು ಒಪ್ಪಬಹುದು, ಓಡಿಸಿದವರು ಒಪ್ಪಲಾರರು. ನಮ್ಮದನ್ನು ನಾವೇ ಅಳೆಯದಿದ್ದರೆ ಇನ್ನೊಬ್ಬರದು ನಮ್ಮ ಹೆಸರಿನಲ್ಲಿ ಉಳಿಯುತ್ತದೆ.

ಇಲ್ಲಿಂದ ಮುಂದಿನ ಹೆಜ್ಜೆ ನೇರವಾಗಿ ನಮ್ಮ ಪಠ್ಯಕ್ರಮದೊಳಕ್ಕೆ ಬರುತ್ತದೆ. ಹಳೆಯ ವಾಹನವೊಂದು ಇಂದು ನಮ್ಮೆದುರು ನಿಂತಿರುವ ರೂಪವು ಕಾರ್ಖಾನೆಯಿಂದ ಹೊರಬಂದ ದಿನದ ರೂಪವಲ್ಲ. ಪೆಟ್ರೋಲ್ ಎಂಜಿನ್ನಿನ ಜಾಗದಲ್ಲಿ ಡೀಸೆಲ್ ಎಂಜಿನ್ ಬಂದಿರಬಹುದು. ಕ್ಯಾನ್ವಾಸ್ ಮುಚ್ಚಿಗೆ ಹೋಗಿ ತಗಡಿನ ಚಾವಣಿ ಕೂತಿರಬಹುದು. ಒಂದು ದೀಪ ಇನ್ನಾವುದೋ ಗಾಡಿಯದಾಗಿರಬಹುದು. ಹಾಗಾದರೆ ಯಾವ ರೂಪಕ್ಕೆ ಪ್ರತಿಕೃತಿ ಮಾಡಬೇಕು? ಮೊದಲ ರೂಪಕ್ಕೋ, ಊರಿನವರ ನೆನಪಿನಲ್ಲಿರುವ ರೂಪಕ್ಕೋ, ಈಗ ಉಳಿದಿರುವ ರೂಪಕ್ಕೋ? ಡಿ.ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ ವಿವರಿಸುವ ಶಾಸ್ತ್ರವನ್ನು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಮೂಲಪಾಠ, ಪಾಠಾಂತರ, ಪ್ರಕ್ಷೇಪ ಎಂದು ನಾವು ಓಲೆಗರಿಯ ಸಂದರ್ಭದಲ್ಲಿ ಹೇಳುವುದನ್ನೇ ಪ್ರತಿಕೃತಿಕಾರನು ತಗಡು ರಬ್ಬರುಗಳ ಸಂದರ್ಭದಲ್ಲಿ ಎದುರಿಸುತ್ತಾನೆ. ಬ್ರಿಟನ್ನಿನ ಜೆರಾಲ್ಡ್ ವಿಂಗ್ರೋವ್ 1:15ರ ಪ್ರಮಾಣದ ಕಾರುಗಳಿಂದ ಹೆಸರಾದವರು. ಮೂಲ ವಾಹನವನ್ನೇ ಅಳೆದು, ಛಾಯಾಚಿತ್ರ ತೆಗೆದು, ನಕ್ಷೆ ಬರೆದುಕೊಂಡ ಮೇಲೆಯೇ ಕೈಕೆಲಸಕ್ಕೆ ತೊಡಗುವುದು ಅವರ ಕ್ರಮ. ಆಕರವನ್ನು ಪರಿಶೀಲಿಸದೆ ಬರೆಯಬೇಡಿ ಎಂದು ತರಗತಿಯಲ್ಲಿ ನಾವು ಹೇಳುವುದೂ ಇದನ್ನೇ.

ಪದಕೋಶದ ಭಾಗ ನನಗೆ ಇನ್ನೂ ಮಹತ್ವದ್ದೆನಿಸುತ್ತದೆ. ಎತ್ತಿನ ಗಾಡಿಯ ಒಂದೊಂದು ಅಂಗಕ್ಕೂ ಕನ್ನಡದಲ್ಲಿ ಹೆಸರಿದೆ: ನೊಗ, ಮೂಕಿ, ಅಚ್ಚು, ಗುಂಬ, ಅರೆ, ಹಳಿ, ಕಡಾಣಿ. ಮರಾಠಿಯಲ್ಲಿ ಜೂ, ಆಸ, ಆರಾ, ಧಾವ ಎಂಬ ಇನ್ನೊಂದು ಸಾಲು. ಎರಡು ಭಾಷೆಗಳಲ್ಲಿ ಶಾಲೆ ಕಲಿತ ನನ್ನಂಥವರಿಗೆ ಈ ಪದಗಳು ಪುಸ್ತಕದಿಂದ ಬಂದವಲ್ಲ, ಗಾಡಿಯ ಬಳಿ ನಿಂತು ಕೇಳಿದವು. ಇಂದು ಗಾಡಿ ಕಣ್ಮರೆಯಾದ ಊರುಗಳಲ್ಲಿ ಪದಗಳೂ ಕಣ್ಮರೆಯಾಗುತ್ತಿವೆ. ಜೀಪಿನ ಭಾಗಗಳಿಗೆ ಚಾಲಕರು, ಮೆಕ್ಯಾನಿಕ್ಕುಗಳು, ಚಹದ ಎಲೆ ಹೇರಿದವರು ಏನೇನು ಹೆಸರಿಟ್ಟಿದ್ದರು, ಇಂಗ್ಲಿಷ್ ಪದಗಳನ್ನು ತಮ್ಮ ನಾಲಗೆಗೆ ಹೇಗೆ ಒಗ್ಗಿಸಿಕೊಂಡರು ಎಂಬುದನ್ನು ಯಾವ ನಿಘಂಟು ಕೇಳಿದೆ? ಪಾಲ್ ಹಾಕಿಂಗ್ಸ್ ಮತ್ತು ಕ್ರಿಸ್ತಿಯಾನ್ ಪಿಲೋ-ರೈಚೂರ್ ಅವರ ಬಡಗ-ಇಂಗ್ಲಿಷ್ ನಿಘಂಟು 1992ರಲ್ಲಿ ಪ್ರಕಟವಾಯಿತು. ಅಂತಹ ದೊಡ್ಡ ಕೆಲಸದ ಪಕ್ಕದಲ್ಲಿ ಒಂದು ವಾಹನದ, ಒಂದು ಹಟ್ಟಿಯ ಪದಪಟ್ಟಿಗೂ ಸ್ಥಾನವಿದೆ.

ಪಟ್ಟಿ ಮಾಡುವಾಗ ಕಿವಿಗೂ ಅಳತೆಗೋಲು ಬೇಕು. ಬಡಗ ನುಡಿಯಲ್ಲಿ ನಾಲಗೆಯನ್ನು ಹಿಂದಕ್ಕೆ ಮಡಿಸಿ ಉಚ್ಚರಿಸುವ ಸ್ವರಗಳಿವೆಯೆಂದು ಎಂ.ಬಿ. ಎಮೆನೊ 1939ರಲ್ಲಿ ಬರೆದರು. ಅವಕ್ಕೆ ಕನ್ನಡ ಲಿಪಿಯಲ್ಲಿ ಪ್ರತ್ಯೇಕ ಚಿಹ್ನೆಗಳಿಲ್ಲ. ಕೇಳಿದ್ದನ್ನು ನಮ್ಮ ವರ್ಣಮಾಲೆಗೆ ಹೊಂದಿಸಿ ಬರೆದುಬಿಟ್ಟರೆ ಏಳು ಸೀಳುಗಳ ಜೀಪಿಗೆ ಒಂಬತ್ತು ಸೀಳುಗಳನ್ನು ಕೊರೆದಂತೆಯೇ ಸರಿ. ಆ ಸ್ವರಗಳು ಇಂದು ಹುಬ್ಬತಲೈಯ ಹಿರಿಯರ ಮಾತಿನಲ್ಲಿ ಎಷ್ಟು ಉಳಿದಿವೆ ಎಂಬುದನ್ನು ಈ ವಿದ್ಯಾರ್ಥಿಯೇ ಕೇಳಿ ಗುರುತಿಸಬಲ್ಲ. ಮರಾಠಿಯಲ್ಲಿ ಶಿಷ್ಟಭಾಷೆಗೆ ‘ಪ್ರಮಾಣ ಭಾಷಾ’ ಎನ್ನುತ್ತಾರೆ. ಅದೇ ಪದಕ್ಕೆ ಅಳತೆ ಎಂಬ ಅರ್ಥವೂ ಇದೆ, ಸಾಕ್ಷ್ಯ ಎಂಬ ಅರ್ಥವೂ ಇದೆ. ಶಿಷ್ಟಕ್ಕೆ ಹೊರಗಿರುವ ನುಡಿಗಳ ವಿಷಯದಲ್ಲಿ ಕೊನೆಯ ಎರಡು ಅರ್ಥಗಳನ್ನು ಮರೆಯದಿರುವುದು ನಮ್ಮ ಕರ್ತವ್ಯ.

ಆಕ್ಷೇಪಗಳನ್ನು ತಳ್ಳಿಹಾಕುವಂತಿಲ್ಲ. ಅಂದವಾದ ಪ್ರತಿಕೃತಿಯೊಂದು ಮೇಜಿನ ಮೇಲಿದ್ದರೆ ಪರೀಕ್ಷಕರು ಬರವಣಿಗೆಯ ಕೊರತೆಯನ್ನು ಕಾಣದೆ ಹೋಗಬಹುದು. ಕೈಕೌಶಲ ಇಲ್ಲದವರಿಗೆ, ಸಾಮಗ್ರಿಗೆ ಹಣವಿಲ್ಲದವರಿಗೆ ಅನ್ಯಾಯವಾಗಬಹುದು. ಎರಡೂ ಮಾತು ನಿಜ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಸಂಸ್ಥೆ 1930ರಿಂದ 1968ರವರೆಗೆ ‘ಫಿಶರ್ ಬಾಡಿ’ ಹೆಸರಿನ ಕುಶಲಕರ್ಮಿ ಸಂಘದ ಮೂಲಕ ಹುಡುಗರಿಂದ ಮೊದಲು ನೆಪೋಲಿಯನ್ ಕಾಲದ ಸಾರೋಟಿನ, ಆಮೇಲೆ ಕಾರಿನ ಮಾದರಿಗಳನ್ನು ಮಾಡಿಸಿ, ಗೆದ್ದವರಿಗೆ ಉನ್ನತ ಶಿಕ್ಷಣದ ವಿದ್ಯಾರ್ಥಿವೇತನ ಕೊಡುತ್ತಿತ್ತು. ಅಲ್ಲಿ ಬೆಲೆ ಕಟ್ಟಿದ್ದು ಕೈಗೆ ಮತ್ತು ವಿನ್ಯಾಸದ ಕಣ್ಣಿಗೆ. ನಾವು ಕನ್ನಡ ವಿಭಾಗದವರು ಬೆಲೆ ಕಟ್ಟಬೇಕಾದದ್ದು ದಾಖಲೆಗೆ.

ಆದ್ದರಿಂದ ನನ್ನ ಸೂಚನೆ ಹೀಗಿದೆ. ಪ್ರತಿಕೃತಿಗೆ ಅಂಕ ಬೇಡ. ಅದರೊಡನೆ ಬರುವ ಮೂರು ಬರಹಗಳಿಗೆ ಅಂಕವಿರಲಿ. ಮೊದಲನೆಯದು ಅಳತೆಯ ಪುಸ್ತಕ: ಯಾವ ಭಾಗವನ್ನು ಎಲ್ಲಿಂದ ಎಲ್ಲಿಗೆ ಅಳೆದದ್ದು, ಮೂಲದಲ್ಲಿ ಎಷ್ಟು, ಕಿರುರೂಪದಲ್ಲಿ ಎಷ್ಟು. ಎರಡನೆಯದು ಪದಕೋಶ: ಪ್ರತಿ ಪದವನ್ನು ಯಾವ ವಯಸ್ಸಿನ, ಯಾವ ಕೆಲಸದವರು ಹೇಳಿದರು ಎಂಬ ವಿವರದೊಡನೆ, ಅವರ ಒಪ್ಪಿಗೆ ಪಡೆದು ಮಾಡಿದ ಧ್ವನಿಮುದ್ರಣದೊಡನೆ. ಮೂರನೆಯದು ಬಿಟ್ಟದ್ದರ ಮತ್ತು ಬದಲಿಸಿದ್ದರ ಪಟ್ಟಿ, ಅದಕ್ಕೆ ಕಾರಣ. ಈ ಮೂರನ್ನು ಒದಗಿಸಬಲ್ಲವರು ಜೀಪಿನ ಬದಲು ಅಂಬಾಸಿಡರನ್ನೋ, ಚಕ್ಕಡಿಯನ್ನೋ, ಮನೆಯ ಬೀಸುವ ಕಲ್ಲನ್ನೋ ಆರಿಸಿಕೊಳ್ಳಲಿ. ಪ್ರತಿಕೃತಿ ಮಾಡಲಾಗದವರು ಅಳತೆಯ ನಕ್ಷೆ ಬರೆಯಲಿ. ಅದಕ್ಕೆ ಒಂದು ಟೇಪು, ಒಂದು ಸ್ಕೇಲು, ಒಂದು ಪೆನ್ಸಿಲು ಸಾಕು.

ವಿಭಾಗದ ಮುಂದಿನ ಸಭೆಯಲ್ಲಿ ನಾನು ಇದನ್ನೇ ಮಂಡಿಸಲಿದ್ದೇನೆ. ಅದಕ್ಕೆ ಮೊದಲು ವಿದ್ಯಾರ್ಥಿಮಿತ್ರರು ತಮ್ಮ ಒಪ್ಪಿಗೆಯನ್ನೂ ಆಕ್ಷೇಪವನ್ನೂ ಬರೆದು ವಿಭಾಗಕ್ಕೆ ತಲುಪಿಸಬೇಕೆಂದು ಕೋರುತ್ತೇನೆ. ಬರೆಯುವ ಮುನ್ನ ತಮ್ಮ ಮನೆಯ ಹಳೆಯ ವಸ್ತುವೊಂದನ್ನು ಒಮ್ಮೆ ಅಳೆದು, ಅದರ ಭಾಗಗಳ ಹೆಸರನ್ನು ಮನೆಯ ಹಿರಿಯರ ಬಾಯಿಂದ ಕೇಳಿ ನೋಡಲಿ. ಎಷ್ಟು ಹೆಸರು ತಮಗೆ ತಿಳಿದಿರಲಿಲ್ಲವೆಂಬುದು ಗೊತ್ತಾದ ಬಳಿಕ ಬರೆಯುವ ಅಭಿಪ್ರಾಯಕ್ಕೆ ತೂಕ ಹೆಚ್ಚು.